ನಡುಗಡಲಿನಲ್ಲಿ ನಿಂತ ಹನುಮ

ಮೊನ್ನೆ ನೆಲಮಂಗಲದ ಬಸ್ ನಿಲ್ದಾಣದ ಎದುರಿನ ದರ್ಶಿನಿಯಲ್ಲಿ ನಿಂತು, ಸೋಂಪುರದ ನಮ್ಮ ಕಾರ್ಖಾನೆಗೆ ಹೊಸದಾಗಿ ಬಂದ ಮ್ಯಾನೇಜರರ ಗುಣಗಾನ ಮಾಡುತ್ತಿದ್ದೆ. ಕೇಳುತ್ತಿದ್ದವಳು ನನ್ನ ಜೊತೆ ಅಕೌಂಟ್ಸ್ ವಿಭಾಗದಲ್ಲಿರುವ ಹುಡುಗಿ. "ಆ ಮನುಷ್ಯ ಎಂಥೋನು ಅಂದ್ರೆ" ಎನ್ನುವಷ್ಟರಲ್ಲಿ ಒಳಗೆ ಯಾರೋ ಚಟ್ನಿಗೆ ಮಿಕ್ಸಿ ಹಾಕಿದರು. ನನ್ನ ಬಲಗೈ ತಾನಾಗಿ ಮೇಲೆದ್ದಿತು. ಬಾಯಿ ಇದ್ದಲ್ಲೇ ನಿಂತಿತು. ಕಣ್ಣು ಸೂರಿನ ಕಡೆ ಹೋಯಿತು. ಮಿಕ್ಸಿ ನಿಂತ ಮೇಲೆ ಕೈ ಇಳಿಸಿ, "ಮಹಾ ಜಿಪುಣ" ಎಂದು ಮಾತು ಮುಗಿಸಿದೆ. ಹುಡುಗಿ ಕೈಯಲ್ಲಿದ್ದ ಇಡ್ಲಿಯನ್ನು ತಟ್ಟೆಗಿಟ್ಟು, "ಮೇಡಂ, ಬಿಪಿ ಏನಾದ್ರೂ ಚೆಕ್ ಮಾಡಿಸ್ಕೊಂಡಿದ್ದೀರಾ?" ಎಂದಳು.

ಬಿಪಿಯಲ್ಲ ಸ್ವಾಮಿ, ಇದು ನಮ್ಮೂರಿನ ಅಭ್ಯಾಸ. ನಮ್ಮೂರು ದೇವನಹಳ್ಳಿ ಕಡೆಯದು. ವಿಮಾನ ನಿಲ್ದಾಣಕ್ಕೂ ನಮ್ಮ ರಾಗಿ ಹೊಲಕ್ಕೂ ನಡುವೆ ಒಂದು ಗೋಡೆ ಇದೆ, ಅದರಾಚೆ ರನ್‌ವೇ. ವಿಮಾನಗಳು ನಮ್ಮ ತೆಂಗಿನ ಮರಗಳ ಕ್ಷೇಮಸಮಾಚಾರ ವಿಚಾರಿಸಿಕೊಂಡೇ ಇಳಿಯುವುದು. ಹೀಗಾಗಿ ನಮ್ಮೂರಿನವರೆಲ್ಲ ಕಂತಿನಲ್ಲಿ ಮಾತಾಡುತ್ತಾರೆ. ಹೆಣ್ಣು ನೋಡಲು ಬಂದವರು "ಹುಡುಗಿ ನಮಗೆ" ಎಂದು ನಿಲ್ಲಿಸಿ, ಮನೆಯವರ ಜೀವವನ್ನು ಬಾಯಿಗೆ ತಂದು, ಸದ್ದು ದೂರವಾದ ಮೇಲೆ "ಒಪ್ಪಿಗೆ" ಎನ್ನುತ್ತಾರೆ. ನಲ್ಲಿಯ ಹತ್ತಿರ ಜಗಳವಾಡುವ ಇಬ್ಬರು ಹೆಂಗಸರು ವಿಮಾನ ಬಂದ ಕೂಡಲೇ ಸೊಂಟದ ಮೇಲೆ ಕೈಯಿಟ್ಟು ತೆಪ್ಪಗೆ ನಿಂತು, ಅದು ಹೋದ ಮೇಲೆ ಬಿಟ್ಟ ಅಕ್ಷರದಿಂದಲೇ ಬೈಗುಳ ಎತ್ತಿಕೊಳ್ಳುವುದನ್ನು ನೀವು ನೋಡಬೇಕು. ಎಲ್ಲಿ ಬಿಟ್ಟಿದ್ದೆವೆಂಬುದು ಇಬ್ಬರಿಗೂ ಮರೆತು, ಜಗಳ ಹಾಗೆಯೇ ಬಿದ್ದುಹೋದದ್ದೂ ಉಂಟು. ವಿಮಾನದಿಂದ ಊರಿಗಾದ ಒಂದೇ ಉಪಕಾರ ಅದಿರಬೇಕು.

ಈ ಕಂತಿನ ಕಲೆಯಲ್ಲಿ ಎಲ್ಲರಿಗಿಂತ ಪಳಗಿದವಳು ನನ್ನ ದೊಡ್ಡಮ್ಮ ಗೌರಮ್ಮ. ಆಂಜನೇಯನ ಗುಡಿಯಲ್ಲಿ ಪ್ರತಿ ಶನಿವಾರ ಸಂಜೆ ಹಾಡುವ ಮಹಿಳಾ ಭಜನಾ ಮಂಡಳಿಗೆ ಅವಳೇ ಮುಂದಾಳು. ಅವಳು ಒಂದು ಸಾಲು ಹೇಳಿಕೊಟ್ಟರೆ ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ವಿಮಾನಗಳು ಹೆಚ್ಚಾದ ಮೇಲೆ ಅವಳೊಂದು ಏರ್ಪಾಡು ಮಾಡಿಕೊಂಡಳು. ಸದ್ದು ಕೇಳಿಸಿದ ತಕ್ಷಣ ಬಲ ಅಂಗೈಯನ್ನು ಹಣೆಯ ಮಟ್ಟಕ್ಕೆ ಎತ್ತುವುದು. ಕೈ ಎದ್ದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ತಾಳ ಬಾರಿಸುವ ನಾರಾಯಣಮ್ಮ ಅದು ಕಿಣಿ ಎನ್ನದ ಹಾಗೆ ಎದೆಗೆ ಅವುಚಿಕೊಳ್ಳಬೇಕು. ಕೈ ಇಳಿದರೆ ಬಿಟ್ಟ ಅಕ್ಷರದಿಂದ ಶುರು. ವರ್ಷಗಟ್ಟಲೆ ಹೀಗೆ ಮಾಡಿ ಮಾಡಿ ಅದೆಷ್ಟು ನಯವಾಗಿತ್ತೆಂದರೆ, ಪದ ತುಂಡಾದದ್ದು ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ. ಸದ್ದಿಗೆ ಅವರು ಕಿವಿ ಮುಚ್ಚಿಕೊಂಡಿರುತ್ತಿದ್ದರು, ತೆರೆದಾಗ ಪದ ನಡೆಯುತ್ತಿರುತ್ತಿತ್ತು.

ಆದರೆ ದೊಡ್ಡಮ್ಮನಿಗೆ ಇದರಿಂದ ಒಂದು ಕೊರಗು ಇತ್ತು. ಮಂಡಳಿಯ ಮುಖ್ಯ ಪದ ಹನುಮಂತ ಸಮುದ್ರ ಹಾರುವುದು. ಕಟ್ಟಿದವರು ಯಾರೋ ಗೊತ್ತಿಲ್ಲ, ದೊಡ್ಡಮ್ಮನ ಅಜ್ಜಿ ರಾಗಿ ಬೀಸುತ್ತಾ ಹೇಳುತ್ತಿದ್ದಳಂತೆ.

ಒಂದೇ ನೆಗೆತಕೆ ನೆಗೆದಾನೊ ಹನುಮ
ನೀಲಿ ಕಡಲ ಮ್ಯಾಲೆ

ಈ ಪದಕ್ಕೂ ನಮ್ಮ ರನ್‌ವೇಗೂ ಯಾವ ಜನ್ಮದ ಹಗೆಯೋ! ಹನುಮಂತ ನೆಲದಿಂದ ಕಾಲು ಕಿತ್ತು ಲಂಕೆಯಲ್ಲಿ ಕಾಲೂರುವ ಮೊದಲು ಒಂದಾದರೂ ವಿಮಾನ ಬಂದೇ ಬರುತ್ತಿತ್ತು. "ನೆಗೆದಾ" ಎಂಬಲ್ಲಿ ಕೈ ಏಳುತ್ತಿತ್ತು, ಹನುಮಂತ ನೀರಿನ ಮೇಲೆ ತೂಗಾಡುತ್ತಾ ಕಾಯುತ್ತಿದ್ದ, ಆಮೇಲೆ "ನೊ ಹನುಮ".

"ಒಂದೇ ನೆಗೆತಕ್ಕೆ ಅಂತ ಹಾಡ್ತೀವಿ, ನಡುವೆ ನಾಲ್ಕು ಸಲ ನಿಲ್ಲುಸ್ತೀವಿ. ಪಾಪ ಕಣೇ, ಇಷ್ಟು ವರ್ಷದಿಂದ ಸಮುದ್ರದ ಮ್ಯಾಲೇ ನಿಂತವ್ನೆ," ಎನ್ನುತ್ತಿದ್ದಳು ದೊಡ್ಡಮ್ಮ. "ಸಾಯೋದ್ರೊಳಗೆ ಒಂದ್ಸಲನಾದ್ರೂ ನಿಲ್ದಂಗೆ ಅವನ್ನ ದಾಟಿಸ್ಬೇಕು."

ನಾನು ನಗುತ್ತಿದ್ದೆ. ಹನುಮಂತನಿಗೆ ಈಜು ಬರುತ್ತದೆ ಬಿಡು ಎಂದೂ ಒಮ್ಮೆ ಹೇಳಿದ್ದೆ. ಅವಳು ನಕ್ಕಿರಲಿಲ್ಲ.

ಇಂಥದ್ದರಲ್ಲಿ ಒಂದು ಶನಿವಾರ ಗುಡಿಗೆ ಒಬ್ಬ ವಿದೇಶಿ ಹೆಂಗಸು ಬಂದಳು. ಬೆಳ್ಳಗಿನ ಕೂದಲು, ಕೈಯಲ್ಲಿ ಚಪ್ಪಲಿ. ಅವಳ ವಿಮಾನ ತಡವಾಗಿ, ಹತ್ತಿರದ ಹೋಟೆಲಿನಲ್ಲಿ ಕುಳಿತು ಬೇಸರವಾಗಿ, ಅಡ್ಡಾಡುತ್ತಾ ಮೈಕಿನ ದನಿ ಹಿಡಿದು ಬಂದಿದ್ದಳು. ಹೆಸರು ಇಸಬೆಲ್. ನಮ್ಮವರ ಬಾಯಲ್ಲಿ ಅದು ಸಂಜೆಯೊಳಗೆ ಈಸೂರಮ್ಮ ಆಯಿತು. ವಿಮಾನ ಬಂದಾಗಲೆಲ್ಲ ಈಸೂರಮ್ಮ ಎರಡೂ ಕಿವಿ ಮುಚ್ಚಿ, ಕಣ್ಣನ್ನೂ ಮುಚ್ಚಿ ಕುಳಿತಳು. ಹೀಗಾಗಿ ನಮ್ಮ ಕೈ ಎತ್ತುವ ಏರ್ಪಾಡು ಅವಳಿಗೆ ಕಾಣಿಸಲೇ ಇಲ್ಲ. ಹೋಗುವಾಗ ನನ್ನ ಇಮೇಲ್ ವಿಳಾಸ ಕೇಳಿ ಪಡೆದಳು. ಆ ಗುಂಪಿನಲ್ಲಿ ಇಂಗ್ಲಿಷ್ ಬಲ್ಲವಳೆಂದು ಹೆಸರಾದವಳು ನಾನೇ. ನನ್ನ ಇಂಗ್ಲಿಷ್ ಪೂರ್ತಿ ಕಾರ್ಖಾನೆಯ ಇನ್‌ವಾಯ್ಸುಗಳಿಂದ ಕಲಿತದ್ದೆಂಬ ಗುಟ್ಟು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವಳನ್ನು ಬೀಳ್ಕೊಡುವಾಗ ಏನು ಹೇಳಬೇಕೋ ತೋಚದೆ "ಕೈಂಡ್ಲಿ ಡೂ ದಿ ನೀಡ್‌ಫುಲ್" ಎಂದಿದ್ದೆ.

ಆಕೆ ಮಾಡಿಯೇಬಿಟ್ಟಳು. ಕೆಲವು ತಿಂಗಳ ನಂತರ ಆಹ್ವಾನ ಬಂತು. ಮೊರಾಕ್ಕೊ ದೇಶದ ಒಂದು ಪುರಾತನ ನಗರದಲ್ಲಿ ಪವಿತ್ರ ಸಂಗೀತದ ಅಂತರರಾಷ್ಟ್ರೀಯ ಉತ್ಸವ, ಮಂಡಳಿಯವರು ಬಂದು ಹಾಡಬೇಕು, ಹೋಗಿಬರುವ ಖರ್ಚೆಲ್ಲ ಅವರದೇ. ಗುಡಿಯ ಜಗಲಿಯ ಮೇಲೆ ನಿಂತು ನಾನು "ಸೇಕ್ರೆಡ್ ಮ್ಯೂಸಿಕ್ ಫೆಸ್ಟಿವಲ್" ಎಂದು ಗಂಭೀರವಾಗಿ ಓದಿದೆ. ನಾರಾಯಣಮ್ಮನ ಕಿವಿಗೆ ಅದು ಸೀಕ್ರೆಟ್ ಎಂದು ಬಿತ್ತು. ಅವಳು ಅದನ್ನು ಹಾಲಿನ ಡೈರಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ದೇವನಹಳ್ಳಿ ಬಸ್ಸಿನಲ್ಲಿ, ಒಬ್ಬೊಬ್ಬರ ಕಿವಿಯಲ್ಲೂ ಪ್ರತ್ಯೇಕವಾಗಿ ಹೇಳಿ, "ಯಾರಿಗೂ ಹೇಳ್ಬೇಡ್ರೀ, ಸೀಕ್ರೆಟ್ ಮ್ಯೂಸಿಕ್ಕಂತೆ" ಎಂದು ಆಣೆ ಹಾಕಿಸಿಕೊಂಡಳು. ಎರಡು ದಿನದಲ್ಲಿ ತಾಲ್ಲೂಕಿಗೇ ಗೊತ್ತಾಯಿತು.

ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಆ ಊರಲ್ಲಿ ವಿಮಾನ ಓಡಾಡ್ತವಾ?"

ಕೇಳಿ ಬರೆದೆ. ಹಳೆಯ ನಗರದ ಓಣಿಗಳಲ್ಲಿ ಕಾರು ಕೂಡ ಬರುವುದಿಲ್ಲ, ಸಾಮಾನು ಸಾಗಿಸುವುದು ಕತ್ತೆಗಳು, ಸಂಜೆಯಾದರೆ ಹಕ್ಕಿಯ ದನಿ ಬಿಟ್ಟು ಏನೂ ಕೇಳಿಸದು ಎಂದು ಈಸೂರಮ್ಮ ಉತ್ತರಿಸಿದಳು. ಓದಿ ಹೇಳಿದೆ. ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಪಾಸ್‌ಪೋರ್ಟ್ ಮಾಡ್ಸೇ" ಎಂದಳು.

ಪಾಸ್‌ಪೋರ್ಟು ಎಲ್ಲರಿಗೂ ಸಕಾಲಕ್ಕೆ ಸಿಗಲಿಲ್ಲ. ಅರ್ಧ ಮಂಡಳಿ ಹೊರಟಿತು, ಉಳಿದರ್ಧ ರತ್ನಮ್ಮನ ಮುಂದಾಳತ್ವದಲ್ಲಿ ಶನಿವಾರದ ಭಜನೆ ತಪ್ಪಿಸದೆ ನಡೆಸಲು ಊರಲ್ಲೇ ಉಳಿಯಿತು. ನಾನು ದುಭಾಷಿ. ದಿನಾ ತಲೆಯ ಮೇಲೆ ವಿಮಾನ ಹಾರುವುದನ್ನು ನೋಡಿದ್ದರೂ ನಮ್ಮಲ್ಲಿ ಒಬ್ಬರೂ ಅದರೊಳಗೆ ಕಾಲಿಟ್ಟವರಲ್ಲ. ಈಸೂರಮ್ಮನಿಗೆಂದು ದೊಡ್ಡಮ್ಮ ದೇವನಹಳ್ಳಿ ಚಕ್ಕೋತ ಹಣ್ಣು ತಂದಿದ್ದಳು. ತಪಾಸಣೆಯ ಯಂತ್ರದಲ್ಲಿ ಆ ದಪ್ಪ ಉಂಡೆಗಳನ್ನು ಕಂಡ ಅಧಿಕಾರಿ ಇದೇನೆಂದು ಕೇಳಿದ. "ಸುಲಿದ್ ಕೊಡ್ಲಾ?" ಎಂದಳು ದೊಡ್ಡಮ್ಮ. ವಿಮಾನದಲ್ಲಿ ಕಿಟಕಿಯ ಪಕ್ಕ ಕುಳಿತು, ಸಮುದ್ರ ಬಂದಾಗ ಹಣೆಯನ್ನು ಗಾಜಿಗೆ ಒತ್ತಿಕೊಂಡು ನೋಡೇ ನೋಡಿದಳು. "ಇಷ್ಟೊಂದು ನೀರಾ! ಇದ್ರ ಮ್ಯಾಲೆ ಅವನ್ನ ನಿಲ್ಸಿದ್ದೆನಲ್ಲೇ!"

ಆ ಊರಿನ ಹೆಸರು ನಮ್ಮ ಯಾರ ನಾಲಿಗೆಗೂ ಒಗ್ಗಲಿಲ್ಲ, ಹಾಗಾಗಿ ಕೊನೆಯವರೆಗೂ ಅದು ಆ ಊರು. ಮಣ್ಣುಬಣ್ಣದ ಎತ್ತರದ ಕೋಟೆಗೋಡೆ, ಎರಡು ಕೈ ಚಾಚಿದರೆ ಎರಡೂ ಕಡೆಯ ಮನೆ ಮುಟ್ಟುವ ಓಣಿ, ಎಲ್ಲೆಲ್ಲೂ ಪುದಿನಾ ವಾಸನೆ. ನಿಜಕ್ಕೂ ಆಕಾಶದಲ್ಲಿ ಸದ್ದೇ ಇಲ್ಲ. ಮೊದಲ ದಿನ ನಮಗೆ ಅದರಿಂದ ಬಹಳ ಕಷ್ಟವಾಯಿತು. ಮಾತು ನಿಲ್ಲಿಸುವುದು ಯಾವಾಗ ಎಂದೇ ತಿಳಿಯದೆ ಎಲ್ಲರೂ ಒಟ್ಟಿಗೆ ಮಾತಾಡಿ ಗಂಟಲು ಕಟ್ಟಿಸಿಕೊಂಡರು.

ನಮ್ಮ ಮೊದಲ ಕಾರ್ಯಕ್ರಮ ಕೋಟೆ ಬಾಗಿಲಿನ ಮುಂದಿನ ದೊಡ್ಡ ವೇದಿಕೆಯಲ್ಲಿ. ನಮಗಿಂತ ಮುಂಚೆ ಬಿಳಿ ನಿಲುವಂಗಿಯ ಗಂಡಸರ ಗುಂಪೊಂದು ಮುಗಿಲಿಗೆ ಮುಟ್ಟುವ ಹಾಗೆ ಹಾಡಿ ಹೋಗಿತ್ತು. ನಮ್ಮವರು ಹಸಿರು ಸೀರೆ ಉಟ್ಟು, ಹಳದಿ ರವಿಕೆ ತೊಟ್ಟು ಚಾಪೆಯ ಮೇಲೆ ಕುಳಿತರು. ನಾನು ವೇದಿಕೆಯ ಮಗ್ಗುಲಲ್ಲಿ ನಿಂತಿದ್ದೆ. ಪದ ಶುರುವಾಯಿತು. ಎಂಥ ದನಿ ಅಂತೀರಿ! ರನ್‌ವೇ ಮೇಲೆ ಸಾಣೆ ಹಿಡಿದ ಕಂಠವದು. ಹನುಮಂತ ಬೆಟ್ಟ ಹತ್ತಿದ, ಮೈ ಬೆಳೆಸಿದ, ಬಾಲ ಬೀಸಿದ. "ಒಂದೇ ನೆಗೆತಕೆ ನೆಗೆದಾ" ಎನ್ನುವ ಹೊತ್ತಿಗೆ ಎದುರಿನಿಂದ ಒಂದು ದೊಡ್ಡ ದೀಪ ದೊಡ್ಡಮ್ಮನ ಮುಖದ ಮೇಲೆ ತಿರುಗಿತು. ಕಣ್ಣು ಕುಕ್ಕಿದಂತಾಗಿ ಅವಳು ಅಂಗೈಯನ್ನು ಹಣೆಗೆ ಅಡ್ಡ ಹಿಡಿದಳು.

ಅಷ್ಟೇ. ಮಂಡಳಿ ಪೂರ್ತಿ ಗಪ್ಪಾಯಿತು. ನಾರಾಯಣಮ್ಮ ತಾಳವನ್ನು ಎದೆಗೆ ಅವುಚಿಕೊಂಡಳು.

ಈಗ ಆದದ್ದನ್ನು ಸ್ವಲ್ಪ ಸಾವಧಾನವಾಗಿ ಕೇಳಬೇಕು. ಅವರೆಲ್ಲ ನಿಲ್ಲಿಸಿದ್ದನ್ನು ಕಂಡು ದೊಡ್ಡಮ್ಮ, ತನಗೆ ಕೇಳಿಸದ ವಿಮಾನ ಇವರಿಗೆ ಕೇಳಿಸಿದೆ ಎಂದುಕೊಂಡಳು. ಆದ್ದರಿಂದ ಕೈ ಇಳಿಸಲಿಲ್ಲ, ವಿಮಾನ ಎಲ್ಲಿ ಎಂದು ತಲೆಯೆತ್ತಿ ಆಕಾಶ ನೋಡಿದಳು. ಅವಳ ಕೈ ಇಳಿಯಲಿಲ್ಲವೆಂದು ಮಂಡಳಿ ಶುರು ಮಾಡಲಿಲ್ಲ. ಅವಳು ನೋಡಿದ ಕಡೆ ಅವರೂ ನೋಡಿದರು. ಇವರೆಲ್ಲ ನೋಡುತ್ತಿದ್ದಾರೆಂದು ಎದುರಿಗಿದ್ದ ಸಭೆ, ದೇಶದೇಶಗಳಿಂದ ಬಂದ ಅಷ್ಟೂ ಜನ, ಕುತ್ತಿಗೆ ಹಿಂದಕ್ಕೆ ಬಾಗಿಸಿ ಆಕಾಶ ನೋಡಿತು. ಅಲ್ಲಿ ಏನೂ ಇರಲಿಲ್ಲ. ನಾನು ಮಗ್ಗುಲಿನಿಂದ ಕೈ ಇಳಿಸು, ಕೈ ಇಳಿಸು ಎಂದು ಸನ್ನೆ ಮಾಡಿದೆ. ನನ್ನ ಸನ್ನೆ ತನಗೇ ಎಂದುಕೊಂಡ ಈಸೂರಮ್ಮ ಕುರ್ಚಿಯಿಂದ ಇಳಿದು ನೆಲದ ಮೇಲೆ ಮಂಡಿಯೂರಿದಳು. ಅವಳನ್ನು ನೋಡಿ ಇನ್ನಷ್ಟು ಜನ ಮಂಡಿಯೂರಿದರು.

ಕೊನೆಗೆ ದೊಡ್ಡಮ್ಮನ ತೋಳು ಸೋತು ಕೈ ಕೆಳಗೆ ಬಂತು. "ನೊ ಹನುಮ" ಎಂದು ಮಂಡಳಿ ಒಂದೇ ದನಿಯಲ್ಲಿ ಎತ್ತಿಕೊಂಡಿತು ನೋಡಿ, ಸಭೆಯಲ್ಲಿ ಎಷ್ಟೋ ಜನ ಅತ್ತೇಬಿಟ್ಟರು. ಮುಗಿದ ಮೇಲೆ ಚಪ್ಪಾಳೆ ನಿಲ್ಲಲೊಲ್ಲದು.

ಕೆಳಗಿಳಿದ ಕೂಡಲೇ ಒಬ್ಬ ಪತ್ರಕರ್ತ ಬಂದ. ಆ ಮೌನದಲ್ಲಿ ತಾವು ಏನನ್ನು ಧ್ಯಾನಿಸುತ್ತೀರಿ ಎಂದು ಅಮ್ಮನವರನ್ನು ಕೇಳಿ ಎಂದ. ಕೇಳಿದೆ.

ದೊಡ್ಡಮ್ಮ ಉರಿಯುತ್ತಿದ್ದಳು. "ಧ್ಯಾನ ಎಲ್ಲಿಂದ ಬಂತು? ಊರಲ್ಲಾದ್ರೆ ನಿನ್ ರೆಕ್ಕೆ ಮುರ್ದ್ ಬೀಳ ಅಂತ ಬೈಕೊಂತಿರ್ತೀನಿ ಅನ್ನು."

ನಾನು ಒಂದು ಗಳಿಗೆ ಯೋಚಿಸಿ, ಅಮ್ಮ ರೆಕ್ಕೆಗಳಿಗೆ ಸಂಬಂಧಿಸಿದ ಪ್ರಾರ್ಥನೆಯೊಂದನ್ನು ಸಲ್ಲಿಸುತ್ತಾರೆ ಎಂದೆ. ಆತ ಕಣ್ಣೊರೆಸಿಕೊಂಡು ಬರೆದುಕೊಂಡ. ನೀವೇ ಹೇಳಿ, ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ನಾವು ಇಳಿದುಕೊಂಡಿದ್ದ ಮನೆಗೆ ಬಂದ ಮೇಲೆ ದೊಡ್ಡಮ್ಮ ಗೋಡೆಗೊರಗಿ ಕುಳಿತು ಅತ್ತಳು. ನನಗೆ ಅದುವರೆಗೂ ಎಲ್ಲ ತಮಾಷೆಯಾಗಿಯೇ ಇತ್ತು. ಅವಳು ಅಳುವುದನ್ನು ನಾನು ನೋಡಿದ್ದು ದೊಡ್ಡಪ್ಪ ತೀರಿಕೊಂಡಾಗ ಮಾತ್ರ.

"ಇಷ್ಟ್ ದೂರ ಬಂದು, ಒಂದು ವಿಮಾನ ಇಲ್ದಿರೋ ಊರಲ್ಲಿ, ನನ್ ಕೈಯಾರೆ ನಾನೇ ಅವನ್ನ ನಡುಸಮುದ್ರದಲ್ಲಿ ನಿಲ್ಸಿದ್ನಲ್ಲೇ."

"ಅವ್ರಿಗೆಲ್ಲ ಬಾಳ ಚೆನ್ನಾಗಿತ್ತು ದೊಡ್ಡಮ್ಮ."

"ಅವ್ರಿಗೆ ಚೆನ್ನಾಗಿತ್ತು. ಅವನ್ಗೆ?"

ಅವನು ಎಂದರೆ ಹನುಮಂತ.

ಮಾರನೆಯ ಬೆಳಿಗ್ಗೆ ಈಸೂರಮ್ಮ ಓಡಿಬಂದಳು. ಊರಿಗೆ ಊರೇ ಆ ಮೌನದ ಮಾತಾಡುತ್ತಿದೆಯಂತೆ. ಸಮಾರೋಪದ ಸಂಜೆ ಕೋಟೆ ಬಾಗಿಲಿನ ಮುಂದೆ ಕೊನೆಯ ಹಾಡು ನಮ್ಮದೇ ಆಗಬೇಕು, ಮೌನ ಇನ್ನೂ ಸ್ವಲ್ಪ ಉದ್ದವಿರಬೇಕು, ಆಕಾಶ ನೋಡುವುದಂತೂ ಇರಲೇಬೇಕು. ಮೌನ ಇಲ್ಲದಿದ್ದರೆ, ಎಂದು ಸಂಕೋಚದಿಂದ ಸೇರಿಸಿದಳು, ಕೊನೆಯ ಹಾಡಿಗೆ ಬೇರೆಯವರಿದ್ದಾರೆ, ನಿಮಗೆ ಮೊದಲೇ ಗೊತ್ತುಮಾಡಿದ್ದ ಸಣ್ಣ ಅಂಗಳವೇ ಸರಿ. ನಾನು "ನೋಟೆಡ್, ವಿಲ್ ರಿವರ್ಟ್" ಎಂದು ಒಳಗೆ ಹೋಗಿ ಎಲ್ಲ ಹೇಳಿದೆ. ಮಂಡಳಿಯವರ ಮುಖ ಅರಳಿತು. ನಾರಾಯಣಮ್ಮನಂತೂ, "ಕೈ ಎತ್ಬಿಡಕ್ಕ, ಏನ್ ಗಂಟು ಹೋಗ್ತದೆ? ನಿಲ್ಸೋದು ನಮಗೇನ್ ಹೊಸದಾ?" ಎಂದಳು.

ದೊಡ್ಡಮ್ಮ ತಲೆ ಬಾಚಿಕೊಳ್ಳುತ್ತಿದ್ದವಳು ಗಂಟು ಬಿಗಿದು ಎದ್ದಳು. "ಅವ್ರಿಗೆ ಬೇಕಾದ್ದು ವಿಮಾನ ಕಣ್ರೇ. ನಂಗೆ ಬೇಕಾದ್ದು ಪದ. ಸಣ್ ಅಂಗ್ಳನೇ ಸಾಕು ಅಂತ ಈಸೂರಮ್ಮನ್ಗೆ ಹೇಳು." ಆಮೇಲೆ ನನ್ನ ಕಡೆ ತಿರುಗಿ, "ನೀನು ನನ್ ಪಕ್ಕ ಕೂತ್ಕೋ. ಈ ಕೈ ಹಿಡ್ಕೊಂಡಿರು. ನಾನೇ ಬಿಡು ಅಂದ್ರೂ ಬಿಡ್ಬೇಡ," ಎಂದಳು.

ಹೀಗೆ ನಾನು ಅಂತರರಾಷ್ಟ್ರೀಯ ವೇದಿಕೆಯನ್ನು ಏರಿದೆ, ಕೈ ಹಿಡಿಯುವ ಕಲಾವಿದೆಯಾಗಿ. ಅಂಗಳದ ನಡುವೆ ಒಂದು ಕಿತ್ತಳೆ ಮರ, ಸುತ್ತ ಹಾಕಿದ್ದ ಕುರ್ಚಿಗಳಲ್ಲಿ ಅರ್ಧ ಖಾಲಿ, ಮುಂದಿನ ಸಾಲಿನ ಒಂದರಲ್ಲಿ ಬೆಕ್ಕು. ಪದ ಶುರುವಾಯಿತು. ದೊಡ್ಡಮ್ಮನ ಬಲಗೈ ನನ್ನ ಎರಡೂ ಕೈಗಳ ನಡುವೆ ಇತ್ತು. ಆ ಕೈಗೆ ಎಷ್ಟು ಅಭ್ಯಾಸವಾಗಿತ್ತೆಂದು ನನಗೆ ಆಗ ಗೊತ್ತಾಯಿತು. ಗಾಳಿ ಬೀಸಿದರೆ ಎಳೆಯುತ್ತಿತ್ತು. ಯಾರೋ ಕೆಮ್ಮಿದರೆ ಎಳೆಯುತ್ತಿತ್ತು. ರಾಟೆಯ ಹಗ್ಗ ಹಿಡಿದ ಹಾಗೆ ಹಿಡಿದುಕೊಂಡೆ. "ನೆಗೆದಾ" ಬಂತು. ಅಷ್ಟರಲ್ಲಿ, ನಂಬಿದರೆ ನಂಬಿ, ಎಲ್ಲೋ ಬಹಳ ಮೇಲೆ ಸಣ್ಣಗೆ ಒಂದು ಗುಂಯ್! ಬಂದ ದಿನದಿಂದ ಒಂದೂ ಕಾಣದಿದ್ದ ವಿಮಾನ, ಸೂಜಿಯಷ್ಟೇ ಕಾಣುವ ವಿಮಾನ, ಸರಿಯಾಗಿ ಆಗಲೇ ಬಂದಿತ್ತು. ಮಂಡಳಿಯ ಕಣ್ಣೆಲ್ಲ ದೊಡ್ಡಮ್ಮನ ಕೈ ಮೇಲೆ. ನಾರಾಯಣಮ್ಮನ ತಾಳ ಆಗಲೇ ಎದೆಯ ಕಡೆ ಹೊರಟಿತ್ತು. ದೊಡ್ಡಮ್ಮನ ಕೈ ನನ್ನನ್ನೂ ಸೇರಿಸಿ ಮೇಲಕ್ಕೆ ಎತ್ತುವಂತೆ ಜಗ್ಗಿತು. ನಾನು ಅದರ ಮೇಲೆ ಮೈಭಾರ ಬಿಟ್ಟು ಬಾಗಿಬಿಟ್ಟೆ.

"ನೊ ಹನುಮ" ಎಂದಳು ದೊಡ್ಡಮ್ಮ, ಒಬ್ಬಳೇ. ಪದದ ಮುಂದಿನ ಸಾಲಿಗೆ ನಾರಾಯಣಮ್ಮ ಸೇರಿಕೊಂಡಳು, ಅದರ ಮುಂದಿನದಕ್ಕೆ ಎಲ್ಲರೂ. ನೀಲಿ ಕಡಲು ಹಿಂದೆ ಸರಿಯಿತು. ಹನುಮಂತ ದಡ ಮುಟ್ಟಿದ.

ಚಪ್ಪಾಳೆ ತಕ್ಕಮಟ್ಟಿಗೆ ಬಂತು. ಕೆಲವರು ಇನ್ನೂ ಆಕಾಶದ ಕಡೆ ನೋಡುತ್ತಾ ಕಾಯುತ್ತಿದ್ದರು. ದೊಡ್ಡಮ್ಮ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಕಣ್ಣೊರೆಸಿಕೊಂಡಳು. "ದಾಟ್ಬಿಟ್ಟ ಕಣೇ," ಎಂದಳು. ನನ್ನ ಕಣ್ಣೂ ತುಂಬಿತ್ತು. ಆಮೇಲೆ ಅವಳು ಅನುಮಾನದಿಂದ ಸುತ್ತ ನೋಡಿದಳು.

"ಅಲ್ವೇ, ಇಷ್ಟೇನಾ ಈ ಪದ?"

"ನಂಗೂ ಅದೇ ಅನ್ನಿಸ್ತು ಕಣಕ್ಕ," ಎಂದಳು ನಾರಾಯಣಮ್ಮ. "ಊರಲ್ಲಿ ಇದನ್ನ ಶುರು ಮಾಡಿದ್ರೆ, ಮುಗಿಯೋಷ್ಟ್ರಲ್ಲಿ ಮನೇಲಿ ಅನ್ನ ಆಗಿ ಆರೋಗಿರ್ತಿತ್ತು."

ನಮಗೆ ಕೊಟ್ಟ ವೇಳೆ ಇನ್ನೂ ಧಾರಾಳವಾಗಿ ಉಳಿದಿತ್ತು, ಜನ ಕುಳಿತೇ ಇದ್ದರು, ಬೆಕ್ಕು ಕೂಡ ಎದ್ದಿರಲಿಲ್ಲ. "ಹೋದೋನು ವಾಪಸ್ಸೂ ಬರ್ಬೇಕಲ್ಲ, ನಡೀರಿ," ಎಂದು ದೊಡ್ಡಮ್ಮ ಅದೇ ಪದವನ್ನು ಮೊದಲಿಂದ ಇನ್ನೊಂದು ಸಲ ಹಾಡಿದಳು. ಈ ಸಲ ಅವಳ ಕೈ ನನ್ನ ಕೈಯಲ್ಲಿ ಹಾಯಾಗಿ ಬಿದ್ದಿತ್ತು.

ಹಿಂದಿರುಗುವಾಗ ನಮ್ಮ ವಿಮಾನ ಊರಿನ ಮೇಲೆ ಬಂದದ್ದು ಶನಿವಾರದ ಸಂಜೆ. ಕೆಳಗೆ ಹೂವು ಬೆಳೆಯುವ ಪಾಲಿಹೌಸುಗಳು ಬೆಳ್ಳಗೆ ಕಾಣಿಸಿದವು, ಆಮೇಲೆ ಕೆರೆ, ಆಮೇಲೆ ತೆಂಗಿನ ತಲೆಗಳು. ದೊಡ್ಡಮ್ಮ ಕಿಟಕಿಯಲ್ಲಿ ಗುಡಿ ಹುಡುಕುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು.

"ಇವತ್ತು ಶನಿವಾರ ಅಲ್ವೇನೇ?"

"ಹೂಂ."

"ರತ್ನಮ್ಮ ಈಗ ಹಾಡ್ತಿರ್ತಾಳೆ. ಲೇ, ನಾವೇ ಕಣೇ ಆ ವಿಮಾನ!"

ಅವಳ ಮುಖ ಸಣ್ಣಗಾಯಿತು. ಕಿಟಕಿಗೆ ಕೈ ಮುಗಿದು, "ತಪ್ಪಾಯ್ತು ಕಣ್ರಮ್ಮಾ, ಇನ್ನೇನ್ ಇಳಿದ್ಬಿಡ್ತೀವಿ," ಎಂದಳು. ಬೇಗ ಇಳಿಸೋಕೆ ಹೇಳು ಎಂದು ನನ್ನನ್ನು ಗಗನಸಖಿಯ ಹತ್ತಿರ ಕಳಿಸಲು ನೋಡಿದಳು. ಬೆಲ್ಟು ಬಿಚ್ಚುವಂತಿಲ್ಲ ಎಂದು ತಪ್ಪಿಸಿಕೊಂಡೆ. ಮನೆಗೆ ಬಂದವಳು ಮೊದಲು ವಿಚಾರಿಸಿದ್ದು ರತ್ನಮ್ಮನನ್ನು: ಸಂಜೆ ಭಜನೆ ಹೊತ್ತಲ್ಲಿ ವಿಮಾನ ಬಂತಾ? "ಬಂತು ಬಂತು, ಹನುಮಂತ ನೆಗೆಯೋ ಹೊತ್ಗೇ ಬಂತು ಕಣಕ್ಕ, ಚೆನ್ನಾಗಿ ಉಗಿದೆ," ಎಂದಳು ರತ್ನಮ್ಮ. ದೊಡ್ಡಮ್ಮ ತಲೆ ಬಾಗಿಸಿ ಆ ಉಗಿತವನ್ನು ಸ್ವೀಕರಿಸಿದಳು.

ದರ್ಶಿನಿಯ ಹುಡುಗಿಗೆ ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಕಾಫಿ ಆರಿತ್ತು. ಅವಳು ನಂಬಿದಳೋ ಇಲ್ಲವೋ, ನನಗಂತೂ ಊರು ನೆನಪಾಗಿ ಆ ಶನಿವಾರವೇ ಬಸ್ಸು ಹತ್ತಿದೆ. ಈಗೀಗ ಹೋದಾಗ ನಾನೂ ಹಿಂದಿನ ಸಾಲಿನಲ್ಲಿ ಕುಳಿತು ದನಿಗೂಡಿಸುತ್ತೇನೆ. ಹನುಮಂತನ ಈಜಿನ ಬಗ್ಗೆ ತಮಾಷೆ ಮಾಡುವುದನ್ನು ಬಿಟ್ಟಿದ್ದೇನೆ. ಆ ಸಂಜೆಯೂ ಪದ ಶುರುವಾಯಿತು, ಹನುಮಂತ ಬೆಟ್ಟದಿಂದ ಕಾಲು ಕಿತ್ತ, ಸರಿಯಾಗಿ ಮೂಡಲ ದಿಕ್ಕಿನಿಂದ ಮೊರೆತ. ದೊಡ್ಡಮ್ಮನ ಕೈ ಎದ್ದಿತು. ಎಲ್ಲರೂ ಹಾಡು ನಿಲ್ಲಿಸಿದೆವು. ಹಳೆಯ ಬೈಗುಳ ಬರುತ್ತದೇನೋ ಎಂದು ಕಾದೆ.

"ಇಳೀತೈತಾ ಹತ್ತುತೈತಾ ನೋಡೇ," ಎಂದಳು ದೊಡ್ಡಮ್ಮ, ಬಾಗಿಲ ಪಕ್ಕ ಕುಳಿತಿದ್ದ ನನಗೆ, ಸದ್ದನ್ನೂ ಮೀರಿಸಿ.

ಜಗಲಿಗೆ ಬಂದು ನೋಡಿದೆ. "ಇಳೀತೈತೆ ದೊಡ್ಡಮ್ಮ!"

"ಹಂಗಾದ್ರೆ ತಡೀರಿ," ಎಂದಳು ಮಂಡಳಿಗೆ, ಕೈಯನ್ನು ಇನ್ನಷ್ಟು ಎತ್ತರಕ್ಕೆ ಹಿಡಿದು. "ಮೊದ್ಲು ಅವ್ರು ದಡ ಮುಟ್ಲಿ."